ಸೀಲ್ ಹಾಕುವವರು ಒಮ್ಮೆ ಮನೆಗೆ ಬಂದು ನೋಡಲಿ

ಸಂಪಾದಕರಿಗೆ ನಮಸ್ಕಾರ.

ನಮ್ಮದು ಮೂಡಿಗೆರೆ ತಾಲ್ಲೂಕು ಗೋಣಿಬೀಡು ಕಡೆಯ ಹಳೇ ಹೆಂಚಿನ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಬಚ್ಚಲುಮನೆ ಹಿತ್ತಲಲ್ಲಿದೆ. ಅತ್ತೆಯವರಿಗೆ 84 ವರ್ಷ, ಮಂಡಿ ನೋವು. ಜೂನ್, ಜುಲೈ ಮಳೆಯಲ್ಲಿ ನಡುರಾತ್ರಿ ಕೊಡೆ, ಟಾರ್ಚು ಹಿಡಿದು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬರುವ ಕಷ್ಟ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅವರ ಕೋಣೆಗೆ ಅಂಟಿಕೊಂಡ ಉಗ್ರಾಣವನ್ನೇ ಬಚ್ಚಲು ಮಾಡೋಣ ಅಂತ ನಾನೇ ಟೇಪ್ ಹಿಡಿದು ಅಳೆದೆ. ಮಗನ ಹಳೇ ಗ್ರಾಫ್ ಪುಸ್ತಕದಲ್ಲಿ ಒಂದು ಸೆಂಟಿಮೀಟರಿಗೆ ಒಂದು ಅಡಿ ಲೆಕ್ಕದಲ್ಲಿ ಪ್ಲಾನ್ ಬರೆದೆ. ಮೂರು ಸಲ ಅಳಿಸಿ ಬರೆದಿದ್ದೇನೆ.

ಸಾಲ ಕೇಳಲು ಹೋದಾಗ ಬ್ಯಾಂಕಿನವರು ಎಂಜಿನಿಯರ್ ಸೀಲ್ ಇರುವ ಪ್ಲಾನ್, ಎಸ್ಟಿಮೇಟ್ ತನ್ನಿ ಅಂದರು. ಪೇಟೆಯಲ್ಲಿ ಒಬ್ಬರ ಹತ್ತಿರ ಹೋದೆ. ಕಂಪ್ಯೂಟರ್ ಮುಂದಿದ್ದ ಹುಡುಗ ನನ್ನ ಗ್ರಾಫ್ ಹಾಳೆಯನ್ನು ಹಾಗೇ ಇಳಿಸಿಕೊಂಡ, ಪ್ರಿಂಟ್ ತೆಗೆದ, ಅವರು ಸೀಲ್ ಒತ್ತಿದರು. ಹತ್ತು ನಿಮಿಷ, ಮೂರು ಸಾವಿರ ರೂಪಾಯಿ. ಗೋಡೆ ಮಣ್ಣಿನದಾ, ಇಟ್ಟಿಗೆಯದಾ ಅಂತ ಒಂದು ಮಾತು ಕೇಳಲಿಲ್ಲ.

ಆಮೇಲೆ ನಮ್ಮ ಮೇಸ್ತ್ರಿ ಬಂದರು. ಬಾಗಿಲು ಬರಬೇಕಾದ ಜಾಗದಲ್ಲಿ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಅವರು ಆ ಗೆರೆ ನೋಡಲೇ ಇಲ್ಲ, ಕತ್ತೆತ್ತಿ ಮೇಲೆ ನೋಡಿದರು. ಅಟ್ಟದ ಎರಡು ತೊಲೆಗಳ ತುದಿ ಸರಿಯಾಗಿ ಆ ಗೆರೆಯ ಮೇಲೇ ಕೂತಿತ್ತು. "ಇಲ್ಲಿ ಕೊರೆದ್ರೆ ಮಾಡೇ ಕೂತ್ಕಳ್ತದೆ ಅಮ್ಮಾ, ಮೂರಡಿ ಆಚೆ ಹೋಗನ" ಅಂದರು. ಇನ್ನೊಂದು ತಪ್ಪು ನನಗೆ ತಡವಾಗಿ ಹೊಳೆಯಿತು. ಬಚ್ಚಲ ಬಾಗಿಲು ಒಳಕ್ಕೆ ತೆರೆಯುವ ಹಾಗೆ ಬರೆದಿದ್ದೆ. ಅತ್ತೆಯವರು ಒಳಗೆ ಜಾರಿ ಬಿದ್ದು ಬಾಗಿಲಿಗೆ ಅಡ್ಡ ಆದರೆ ಹೊರಗಿಂದ ತಳ್ಳಿ ತೆಗೆಯಲು ಆಗುತ್ತಾ? ಎರಡೂ ತಪ್ಪಿಗೆ ಸೀಲ್ ಬಿದ್ದಿತ್ತು.

ಇದನ್ನು ಫೋನಿನಲ್ಲಿ ಅಣ್ಣನ ಮಗಳಿಗೆ ಹೇಳಿದೆ. ಅವಳು ಮದುವೆಯಾಗಿ ಫ್ರಾನ್ಸ್‌ನ ದೊರ್ದೋನ್ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾಳೆ. ಅವರದೂ ಹಳೇ ಕಲ್ಲಿನ ಮನೆ, 125 ಚದರ ಮೀಟರ್. ಹಿಂದುಗಡೆ 35 ಚದರ ಮೀಟರ್ ಸೇರಿಸಲು ಗಂಡ ಹೆಂಡತಿ ಕೂತು ತಾವೇ ಪ್ಲಾನ್ ಬರೆದಿದ್ದರು. ಅಲ್ಲಿ ಸ್ವಂತಕ್ಕೆ ಕಟ್ಟಿಕೊಳ್ಳುವ ಮನೆ ಒಟ್ಟು 150 ಚದರ ಮೀಟರ್ ದಾಟದಿದ್ದರೆ ಮನೆಯವರು ಬರೆದ ಪ್ಲಾನೇ ಸಾಕು. ನಮ್ಮ ಲೆಕ್ಕದಲ್ಲಿ ಸುಮಾರು 16 ಚದರ. ಮೊದಲು ಈ ಮಿತಿ 170 ಇತ್ತು, 2017ರ ಮಾರ್ಚ್‌ನಿಂದ 150 ಮಾಡಿದ್ದಾರೆ. ಇವರದು 160 ಆಯಿತು, ಆರ್ಕಿಟೆಕ್ಟ್ ಬೇಕೇ ಬೇಕು. "ಪ್ಲಾನ್ ರೆಡಿ ಇದೆ, ಸುಮ್ನೆ ಸಹಿ ಹಾಕಿಕೊಡಿ" ಅಂತ ಇವರು ಇಬ್ಬರನ್ನು ಕೇಳಿದರಂತೆ. ಇಬ್ಬರೂ ಆಗಲ್ಲ ಅಂದರು. ತಾನು ಮಾಡದ ಪ್ಲಾನಿಗೆ ಆರ್ಕಿಟೆಕ್ಟ್ ಬರೀ ಸಹಿ ಹಾಕಿಕೊಡುವುದು ಅಲ್ಲಿ ನಿಷಿದ್ಧ. ಮನೆಗೆ ಬರಬೇಕು, ಅಳೆಯಬೇಕು, ಕೆಲಸವನ್ನು ತನ್ನದು ಅಂತ ವಹಿಸಿಕೊಳ್ಳಬೇಕು. ಮನೆಯವರ ಚಿತ್ರ ಅವರಿಗೆ ಆಧಾರ ಆಗಬಹುದು, ಅಷ್ಟೇ.

ಅದಕ್ಕೆ ಖರ್ಚು ಜಾಸ್ತಿ, ನಿಜ. ಆದರೆ ಅದಕ್ಕೂ ಮೊದಲು ಇವರಿಗೆ ಒಂದು ದಾರಿ ಇತ್ತು. ಅಲ್ಲಿ 1977ರ ಜನವರಿ 3ರ ಕಾಯ್ದೆಯಲ್ಲೇ ಜಿಲ್ಲಾ ಮಟ್ಟದ ಸಲಹಾ ಸಂಸ್ಥೆಗಳಿಗೆ ಅವಕಾಶ ಮಾಡಿದ್ದಾರೆ, ಸಿಎಯುಇ ಅನ್ನುತ್ತಾರೆ. ಮನೆ ಕಟ್ಟುವವರು, ರಿಪೇರಿ ಮಾಡುವವರು ತಮ್ಮ ಚಿತ್ರ, ಫೋಟೋ ತೆಗೆದುಕೊಂಡು ಹೋದರೆ ಅಲ್ಲಿನ ಆರ್ಕಿಟೆಕ್ಟ್ ಕೂರಿಸಿಕೊಂಡು ಪುಕ್ಕಟೆ ಸಲಹೆ ಕೊಡುತ್ತಾರೆ. ಪ್ಲಾನ್ ಬರೆದುಕೊಡುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ. ಅಣ್ಣನ ಮಗಳ ಚಿತ್ರ ನೋಡಿ, ಹಳೇ ಮಾಡಿನ ನೀರೆಲ್ಲ ಹೊಸ ಮಾಡು ಸೇರುವ ಸಂದಿಗೇ ಬಂದು ಬೀಳುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದರಂತೆ. ಈ ಸಂಸ್ಥೆಗಳಿಗೆ ದುಡ್ಡು ಬರುವುದು ಕಟ್ಟಡ ಅನುಮತಿಯ ಮೇಲಿನ ತೆರಿಗೆಯ ಒಂದು ಪಾಲಿನಿಂದ. ಈ ಮಾತು ಕೇಳಿದ ಮೇಲೆಯೇ ನಾನು ಈ ಪತ್ರ ಬರೆಯಲು ಕೂತಿದ್ದು.

ನಮ್ಮಲ್ಲೂ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು, ಶುಲ್ಕವನ್ನೂ ಕಟ್ಟುತ್ತೇವೆ. ತಾಲ್ಲೂಕಿನಲ್ಲಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ ಇದೆ, ಜಿಲ್ಲೆಗೆ ನಿರ್ಮಿತಿ ಕೇಂದ್ರ ಇದೆ. ವಾರಕ್ಕೆ ಒಂದು ದಿನ, ಸಂತೆ ದಿನವೇ ಆಗಲಿ, ತಾಲ್ಲೂಕು ಪಂಚಾಯಿತಿಯಲ್ಲಿ ಮನೆ ಕೆಲಸ ಗೊತ್ತಿರುವ ಒಬ್ಬರು ಕೂತು ಜನ ತಂದ ಚಿತ್ರ ನೋಡಲಿ. ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ಓದುವ ಮಕ್ಕಳನ್ನು ಅಳತೆಗೆ ಕಳಿಸಿದರೆ ಮಣ್ಣಿನ ಗೋಡೆ, ತೊಲೆ, ಪಕಾಸು ಅವರಿಗೂ ಗೊತ್ತಾಗುತ್ತದೆ. ಹಾಗೇ, ಸೀಲ್ ಹಾಕುವವರು ಯಾವತ್ತು ಮನೆಗೆ ಬಂದಿದ್ದರು, ಗೋಡೆ ಯಾವುದರದ್ದು, ಮಾಡಿನ ಭಾರ ಎಲ್ಲಿ ಕೂತಿದೆ ಅಂತ ಪ್ಲಾನಿನ ಮೇಲೆ ಕಡ್ಡಾಯವಾಗಿ ಬರೆಯಬೇಕು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮನೆ ಕುಸಿದವು ಅಂತ ಕಣ್ಣಾರೆ ಕಂಡವರು ನಾವು. ಅಂಥ ಕಡೆ ಗೋಡೆ ಒಡೆಯುವ ಪ್ಲಾನಿಗೆ ಮನೆ ನೋಡದೆ ಸೀಲ್ ಒತ್ತುವುದು ಸರಿಯಲ್ಲ.

ಮೇಸ್ತ್ರಿ ಕಣ್ಣಿಗೆ ಬಿತ್ತು, ನಾವು ಉಳಿದುಕೊಂಡೆವು. ಆದರೆ ಅವರಿಗೆ ಎಪ್ಪತ್ತು ದಾಟಿದೆ. ಅವರ ಮಗ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ.

ಏಪ್ರಿಲ್‌ನಲ್ಲಿ ಹೆಂಚು ಕೈಯಾಡಿಸುವಾಗಲೇ ಕೆಲಸ ಶುರು ಮಾಡುತ್ತೇವೆ. ಬಾಗಿಲು ಮೂರಡಿ ಆಚೆ ಬರುತ್ತದೆ, ಹೊರಕ್ಕೆ ತೆರೆಯುತ್ತದೆ. ಬ್ಯಾಂಕಿನ ಫೈಲಿನಲ್ಲಿರುವ ಪ್ಲಾನಿನಲ್ಲಿ ಅದು ಈಗಲೂ ತೊಲೆಯ ಕೆಳಗೇ ಇದೆ.

— ಒಬ್ಬ ಕಾಫಿ ಬೆಳೆಗಾರ್ತಿ, ಗೋಣಿಬೀಡು, ಮೂಡಿಗೆರೆ ತಾಲ್ಲೂಕು