ಯಾವ ಬಾಗಿಲು ಮುಚ್ಚಿತು ಅಂತ ನೋಡು

ಚಿ. ಮೈತ್ರಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಸ್ಕೈರಿಮ್ ಅರವತ್ತು ಗಂಟೆ ಆಡಿ ಕೈಬಿಟ್ಟೆ, ವಿಚರ್ 3ರಲ್ಲಿ ಮ್ಯಾಪಿನ ಮೇಲಿನ ಪ್ರಶ್ನೆ ಚಿಹ್ನೆಗಳನ್ನು ಅಳಿಸುವುದೇ ಕೆಲಸವಾಗಿದೆ, ಆರ್‌ಪಿಜಿ, ಅಂದರೆ ಪಾತ್ರವಾಗಿ ಆಡುವ ವಿಡಿಯೊ ಆಟ, ಇಷ್ಟೇನಾ ಮಾವ ಅಂತ ಕೇಳಿದ್ದೀಯ. ಇಷ್ಟೇ ಅಲ್ಲ. ಆದರೆ ನಿನ್ನ ಬೇಸರಕ್ಕೆ ಸರಿಯಾದ ಕಾರಣವಿದೆ. ಈ ಆಟಗಳ ದೊಡ್ಡ ಗುಣ, ದೊಡ್ಡ ದೋಷ ಎರಡೂ ಒಂದೇ ಬೇರಿನಿಂದ ಬಂದವು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ತಂದಾಗ ಅದರಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದವು: ಮೇಜಿನ ಸುತ್ತ ಕೂತು ಪಾತ್ರವಾಗಿ ಮಾತಾಡುವುದು, ಮತ್ತು ಆ ಪಾತ್ರದ ಬಲ, ಚುರುಕು, ಬುದ್ಧಿಯನ್ನು ಅಂಕಿಯಲ್ಲಿ ಬರೆದುಕೊಂಡು ದಾಳ ಉರುಳಿಸುವುದು. ಕಂಪ್ಯೂಟರಿಗೆ ಅಂಕಿ ಸಲೀಸು, ಮಾತು ಕಷ್ಟ. ಹಾಗಾಗಿ ಪರದೆಗೆ ಬಂದ ಮೇಲೆ ಲೆಕ್ಕ ಕೊಬ್ಬಿತು, ಪಾತ್ರ ಸೊರಗಿತು. ನೀನು ತಾಳಮದ್ದಳೆ ಕೇಳಿ ಬೆಳೆದವಳು, ನಿನಗೆ ಬೇಗ ಅರ್ಥವಾಗುತ್ತದೆ. ಕರ್ಣ ಸಾಯುತ್ತಾನೆ ಎನ್ನುವುದು ಪ್ರಸಂಗ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಅರ್ಥಧಾರಿ ಯಾವ ಎಳೆ ಹಿಡಿದು ವಾದಿಸುತ್ತಾನೋ ಆ ಪ್ರಕಾರ ಕರ್ಣ ಪ್ರತಿ ಸಲ ಬೇರೆಯಾಗುತ್ತಾನೆ, ಎದುರಿಗೆ ಕೂತವನು ಆ ಮಾತಿಗೇ ಉತ್ತರ ಹುಡುಕಬೇಕಾಗುತ್ತದೆ. ಒಳ್ಳೆಯ ಆರ್‌ಪಿಜಿ ಹಾಗೆ ಎದುರಿಗೆ ಕೂತ ಅರ್ಥಧಾರಿ. ಸಪ್ಪೆ ಆರ್‌ಪಿಜಿ ನೀನು ಏನೇ ಅಂದರೂ ತಾನು ಬಾಯಿಪಾಠ ಮಾಡಿ ಬಂದದ್ದನ್ನೇ ಒಪ್ಪಿಸಿ ಏಳುತ್ತದೆ.

ಎರಡನ್ನೂ ಬೇರ್ಪಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ನಾನು ಈ ಆಯ್ಕೆ ಮಾಡಿದ್ದರಿಂದ ಯಾವ ಬಾಗಿಲು ಮುಚ್ಚಿತು?

ಸ್ಕೈರಿಮ್‌ಗೆ ಈ ಪ್ರಶ್ನೆ ಹಾಕು. 2011ರ ಆ ಆಟದಲ್ಲಿ 18 ಸ್ಕಿಲ್‌ಗಳಿವೆ, ಮಾಡಿದ ಕೆಲಸವೇ ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿ, ಬೀಗ ತೆರೆದರೆ ಬೀಗ. ಯೋಚನೆ ಬಹಳ ಚೆನ್ನಾಗಿದೆ. ಆದರೆ ಬೆರಳೆಣಿಕೆಯ ಮಂತ್ರ ಬಲ್ಲವಳು ಮಂತ್ರವಿದ್ಯೆಯ ಕಾಲೇಜಿಗೇ ಮುಖ್ಯಸ್ಥೆಯಾಗುತ್ತಾಳೆ. ಅವಳೇ ಕಳ್ಳರ ಸಂಘಕ್ಕೂ, ಯೋಧರ ಬಳಗಕ್ಕೂ ಒಡತಿ. ಯಾವ ಬಾಗಿಲೂ ಮುಚ್ಚುವುದಿಲ್ಲ, ಆದ್ದರಿಂದ ಯಾವ ಬಾಗಿಲು ತೆರೆದರೂ ಖುಷಿಯಾಗುವುದಿಲ್ಲ. ನಿನಗೆ ಅರವತ್ತನೇ ಗಂಟೆಯಲ್ಲಿ ಆದದ್ದು ಇದೇ.

ಅದೇ ಕಂಪನಿಯ 2002ರ ಮಾರೋವಿಂಡ್‌ನಲ್ಲಿ ಮೂರು ದೊಡ್ಡ ಮನೆತನಗಳಿವೆ; ಒಂದಕ್ಕೆ ಸೇರಿದರೆ ಉಳಿದ ಎರಡು ಆ ಪಾತ್ರಕ್ಕೆ ಇಲ್ಲ. ಸಂಘಗಳಲ್ಲಿ ಮೇಲೇರಬೇಕಾದರೆ ಆ ಸಂಘ ಕೇಳುವ ಸ್ಕಿಲ್‌ಗಳು ನಿಜವಾಗಿ ಬೆಳೆದಿರಬೇಕು. ಮ್ಯಾಪಿನ ಮೇಲೆ ಬಾಣದ ಗುರುತು ಇಲ್ಲ. ಸೇತುವೆ ದಾಟಿ, ಕವಲಿನಲ್ಲಿ ಎಡಕ್ಕೆ ತಿರುಗಿ ಅಂತ ಊರಿನವರು ಹೇಳಿದ್ದನ್ನು ಓದಿ ನಡೆಯಬೇಕು, ಹಾಗಾಗಿ ನಿಜವಾಗಿಯೂ ಸುತ್ತಮುತ್ತ ನೋಡುತ್ತೀಯ. ಆದರೆ ಹೊಸಬರು ಅರ್ಧ ಗಂಟೆಯಲ್ಲಿ ಓಡಿಹೋಗುವುದೂ ಈ ಆಟದಿಂದಲೇ: ಕತ್ತಿ ಏಡಿಯ ಮೈಗೆ ತಾಗುವುದು ಕಣ್ಣಿಗೆ ಕಾಣುತ್ತದೆ, ಏಟು ಬೀಳುವುದಿಲ್ಲ. ಕಾರಣ, ಒಳಗೆ ದಾಳ ಉರುಳುತ್ತಿದೆ. ಪಾತ್ರ ಕಟ್ಟುವಾಗ ಮುಖ್ಯ ಅಂತ ಆರಿಸಿದ ಮೇಜರ್ ಸ್ಕಿಲ್ 30ರಿಂದ ಶುರು, ಎರಡನೇ ಸಾಲಿನ ಮೈನರ್ 15ರಿಂದ, ಉಳಿದವು 5ರಿಂದ. ಮೇಜರ್‌ನಲ್ಲಿ ಉದ್ದ ಕತ್ತಿ ಇಟ್ಟುಕೊಂಡು ಕೈಯಲ್ಲಿ ಚೂರಿ ಹಿಡಿದರೆ ನೀನು 5ರವಳು. ಮೇಲಾಗಿ ಓಡುತ್ತಾ ಬಂದು ಹೋರಾಟಕ್ಕಿಳಿದರೆ ಹಸಿರು ದಣಿವಿನ ಪಟ್ಟಿ ಖಾಲಿಯಾಗಿರುತ್ತದೆ, ಅದು ಗುರಿಯನ್ನು ಇನ್ನೂ ಕೆಡಿಸುತ್ತದೆ. ಒಂದು ಆಯುಧವನ್ನು ಮೇಜರ್‌ನಲ್ಲಿಡು, ಅದರಲ್ಲಿ ಹೆಚ್ಚುವರಿ ಅಂಕವಿರುವ ಜನಾಂಗ ಆರಿಸು, ಶತ್ರು ಕಂಡ ಕೂಡಲೇ ಓಟ ನಿಲ್ಲಿಸಿ ನಡೆ. ಮುಕ್ಕಾಲು ತೊಂದರೆ ಅಲ್ಲಿಗೆ ಮುಗಿಯಿತು.

ಶತ್ರುಗಳೂ ನಿನ್ನ ಜೊತೆಗೆ ಬೆಳೆಯುವುದು ಈ ಆಟಗಳ ಇನ್ನೊಂದು ರೋಗ. 2006ರ ಆಬ್ಲಿವಿಯನ್‌ನಲ್ಲಿ ಇದು ವಿಪರೀತಕ್ಕೆ ಹೋಗಿ, ಲೆವೆಲ್ ಏರಿದ ಮೇಲೆ ದಾರಿಗಳ್ಳರೂ ಅಪರೂಪದ, ಬೆಲೆಬಾಳುವ ಕವಚ ತೊಟ್ಟು ನಿಲ್ಲುತ್ತಿದ್ದರು. ಅಷ್ಟು ಬೆಲೆಯ ಕವಚ ಇದ್ದವನು ಕಾಡಿನಲ್ಲಿ ಚಿಲ್ಲರೆ ದೋಚಲು ಯಾಕೆ ಕೂರುತ್ತಾನೆ? ಸ್ಕೈರಿಮ್‌ನಲ್ಲಿ ಇದನ್ನು ಸೌಮ್ಯ ಮಾಡಿದರು, ತೆಗೆಯಲಿಲ್ಲ. ಅಲ್ಲಿ ಯಾವ ಸ್ಕಿಲ್ ಬೆಳೆದರೂ ಒಟ್ಟು ಲೆವೆಲ್ ಏರುತ್ತದೆ. ಕಮ್ಮಾರಿಕೆ, ವ್ಯಾಪಾರ, ಮದ್ದು ತಯಾರಿಕೆಯಿಂದಲೇ 25ಕ್ಕೆ ಏರಿದೆ ಅಂತಿಟ್ಟುಕೋ, ಶತ್ರುಗಳಲ್ಲಿ ಹೆಚ್ಚಿನವರು ಆ 25ನ್ನು ನೋಡಿ ತಯಾರಾಗುತ್ತಾರೆ, ನಿನ್ನ ಕತ್ತಿ ಮಾತ್ರ ಹಿಂದೆ ಉಳಿದಿರುತ್ತದೆ. ನಡುವೆ ಆಟ ಏಕಾಏಕಿ ಕಷ್ಟವಾಯಿತು ಅಂತ ಬರೆದಿದ್ದೀಯಲ್ಲ, ನನ್ನ ಅಂದಾಜು ಇದೇ. ಹಣವಿದ್ದರೆ ಪ್ರತಿ ಲೆವೆಲಿಗೆ 5 ಸಲ ತರಬೇತಿ ಕೊಳ್ಳಬಹುದು. ಆ ಐದನ್ನೂ ಒಂದೇ ಆಯುಧಕ್ಕೆ, ಒಂದೇ ಬಗೆಯ ಕವಚಕ್ಕೆ ಹಾಕು. ಕಬ್ಬಿಣದ ಚೂರಿ ಮಾಡಿ ಮಾಡಿ ಕಮ್ಮಾರಿಕೆ ಏರಿಸುವ ಹಳೆಯ ಉಪಾಯ ಈಗ ನಡೆಯುವುದಿಲ್ಲ, 1.5 ಪ್ಯಾಚ್ (ಆಟಕ್ಕೆ ಕಂಪನಿ ಕೊಟ್ಟ ತಿದ್ದುಪಡಿ) ಬಂದ ಮೇಲೆ ಮಾಡಿದ ವಸ್ತುವಿನ ಬೆಲೆ ನೋಡಿ ಅನುಭವದ ಅಂಕ ಸಿಗುತ್ತದೆ.

ವಿಚರ್ 3 ಬಗ್ಗೆ ನಿನ್ನ ದೂರನ್ನು ಅರ್ಧ ಒಪ್ಪುತ್ತೇನೆ. ಸ್ಕೆಲಿಗೆ ದ್ವೀಪಗಳ ಸಮುದ್ರದಲ್ಲಿ ಚೆಲ್ಲಿರುವ ಪ್ರಶ್ನೆ ಚಿಹ್ನೆಗಳಲ್ಲಿ ಬಹುಪಾಲು ಕಳ್ಳಸಾಗಣೆಯ ಪೀಪಾಯಿಗಳು. ದೋಣಿ ಬಿಡು, ಮೇಲೆ ಹಾರುವ ಪೀಡೆಗಳನ್ನು ಹೊಡೆ, ಮುಳುಗು, ತೆಗೆ, ಮತ್ತೆ ಅದೇ. ಅವನ್ನು ಮುಟ್ಟಲೇಬೇಡ. ಸೆಟ್ಟಿಂಗಿನಲ್ಲಿ ಪತ್ತೆಯಾಗದ ಸ್ಥಳಗಳನ್ನು ತೋರಿಸುವುದನ್ನೇ ಆಫ್ ಮಾಡಿಬಿಡು. ಇನ್ನೊಂದು ವಿಷಯ, ನಿನ್ನ ಲೆವೆಲಿಗಿಂತ 6 ಅಥವಾ ಹೆಚ್ಚು ಕೆಳಗಿನ ಕ್ವೆಸ್ಟಿಗೆ (ಆಟ ಒಪ್ಪಿಸುವ ಕೆಲಸಕ್ಕೆ) ಅನುಭವ ಬಹಳ ಕಡಿಮೆಯಾಗಿ ಸಿಗುತ್ತದೆ. ಎಲ್ಲ ಗುಡಿಸಿ ಮುಂದೆ ಹೋಗೋಣ ಅನ್ನುವವರಿಗೆ ಕಥೆಯ ಮುಖ್ಯ ಕ್ವೆಸ್ಟುಗಳೇ ಸಪ್ಪೆಯಾಗುವುದು ಹೀಗೆ.

ಆದರೆ ಅದೇ ಆಟದ ಬ್ಯಾರನ್ ಪ್ರಕರಣ ಮುಗಿಸಿದ್ದೀಯಾ? ವೆಲೆನ್ ಪ್ರಾಂತ್ಯದಲ್ಲಿ ಒಂದು ಮರದೊಳಗೆ ಸೆರೆಯಾದ ಚೇತನವಿದೆ. ಬಿಡಬೇಕೋ ಕೊಲ್ಲಬೇಕೋ ಎನ್ನುವುದು ನಿನ್ನ ಕೈಯಲ್ಲಿ. ಆ ಕ್ಷಣಕ್ಕೆ ಏನೂ ಆದಂತೆ ಕಾಣುವುದಿಲ್ಲ. ಬಹಳ ಹೊತ್ತಿನ ಮೇಲೆ, ಬೇರೆಯೇ ಕ್ವೆಸ್ಟಿನಲ್ಲಿ, ಒಂದು ಊರಿನ, ಕೆಲವು ಮಕ್ಕಳ, ಬ್ಯಾರನ್ ಮನೆಯವರ ಗತಿ ಅದರಿಂದ ತೀರ್ಮಾನವಾಗಿರುತ್ತದೆ. ಈ ತಡವೇ ಅಲ್ಲಿನ ಕೈಚಳಕ. ಫಲ ತಕ್ಷಣ ಕಂಡರೆ ಆಡುವವಳು ಹಳೆಯ ಸೇವ್ ತೆರೆದು ತಿದ್ದಿಬಿಡುತ್ತಾಳೆ. ಗಂಟೆಗಳಷ್ಟು ಹಿಂದಕ್ಕೆ ಯಾರೂ ಹೋಗುವುದಿಲ್ಲ, ಹಾಗಾಗಿ ಆಯ್ಕೆ ಆಯ್ಕೆಯಾಗಿ ಉಳಿಯುತ್ತದೆ. ಇದಕ್ಕೆ ತಿರುಗುಮುರುಗು 2010ರ ಮಾಸ್ ಎಫೆಕ್ಟ್ 2. ಅಲ್ಲಿ ಸೌಮ್ಯ ಉತ್ತರಕ್ಕೆ ನೀಲಿ ಅಂಕ, ಒರಟು ಉತ್ತರಕ್ಕೆ ಕೆಂಪು ಅಂಕ; ಒಂದರಲ್ಲಿ ಸಾಕಷ್ಟು ಕೂಡದಿದ್ದರೆ ಮುಂದೆ ದೊಡ್ಡ ಮಾತುಗಳು ಆರಿಸಲಾಗದಂತೆ ಮಸುಕಾಗುತ್ತವೆ. ಹಾಗಾಗಿ ಜನ ಎದುರಿನವರ ಮಾತು ಕೇಳುವುದನ್ನು ಬಿಟ್ಟು ಬಣ್ಣ ನೋಡಿ ಒತ್ತುತ್ತಾರೆ. ಜೊತೆಗಾರರನ್ನು ಅಷ್ಟು ಚೆನ್ನಾಗಿ ಬರೆದ ಆಟಕ್ಕೆ ಇಂಥ ಲೆಕ್ಕ ಕಟ್ಟಬಾರದಿತ್ತು.

ಅಂಕಿಯೇ ಪಾತ್ರವಾಗುವುದನ್ನು ನೋಡಬೇಕಾದರೆ ಎರಡು ಆಟ ಹೇಳುತ್ತೇನೆ. 1997ರ ಮೊದಲ ಫಾಲ್‌ಔಟ್‌ನಲ್ಲಿ ಬುದ್ಧಿಯನ್ನು 3ಕ್ಕೆ ಇಳಿಸಿ ಶುರು ಮಾಡಿದರೆ ನಿನ್ನ ಪಾತ್ರಕ್ಕೆ ಸರಿಯಾಗಿ ಮಾತೇ ಬರುವುದಿಲ್ಲ, ಊರವರು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಮನೆಯ ನೀರಿನ ಯಂತ್ರಕ್ಕೆ ಬೇಕಾದ ಚಿಪ್ ತರಲು 150 ದಿನದ ಗಡುವೂ ಇದೆ, ಸುಮ್ಮನೆ ಅಲೆಯಲು ಬಿಡುವುದಿಲ್ಲ.

ಇನ್ನೊಂದು 2019ರ ಡಿಸ್ಕೋ ಎಲಿಸಿಯಂ, ನಿನಗೆ ನಾನು ಮೊದಲು ಹೇಳುವ ಆಟ. ಕತ್ತಿ ಕಾಳಗದ ವ್ಯವಸ್ಥೆಯೇ ಇಲ್ಲ. ನೆನಪು ಕಳೆದುಕೊಂಡ ಪೊಲೀಸನೊಬ್ಬ, ಮರಕ್ಕೆ ನೇತಾಡುವ ಒಂದು ಹೆಣ, ತನಿಖೆ. ನಾಲ್ಕು ಮೂಲ ಗುಣ, ಒಂದೊಂದರ ಕೆಳಗೆ ಆರು, ಒಟ್ಟು 24 ಸ್ಕಿಲ್. ಪ್ರತಿ ಸ್ಕಿಲ್ಲೂ ತಲೆಯೊಳಗೆ ಬಾಯಿ ಹಾಕುತ್ತದೆ, ಒಮ್ಮೊಮ್ಮೆ ತಪ್ಪು ಸಲಹೆಯನ್ನೂ ಕೊಡುತ್ತದೆ. ಎರಡು ದಾಳ ಉರುಳಿಸಿ ಸ್ಕಿಲ್ ಕೂಡಿಸಿ ಗುರಿ ಮುಟ್ಟಬೇಕು. ಎರಡು ಆರು ಬಿದ್ದರೆ ಯಾವಾಗಲೂ ಗೆಲುವು, ಎರಡು ಒಂದು ಬಿದ್ದರೆ ಯಾವಾಗಲೂ ಸೋಲು. ಬಿಳಿ ಪರೀಕ್ಷೆ ಸೋತರೆ ಆ ಸ್ಕಿಲ್ಲಿಗೆ ಒಂದು ಪಾಯಿಂಟ್ ಹಾಕಿ ಮತ್ತೆ ಯತ್ನಿಸಬಹುದು; ಕೆಂಪು ಪರೀಕ್ಷೆ ಒಂದೇ ಸಲ. ಆದ್ದರಿಂದ ಒಂದು ಪಾಯಿಂಟನ್ನು ಯಾವಾಗಲೂ ಕೈಯಲ್ಲಿ ಉಳಿಸಿಕೋ, ಮುಚ್ಚಿದ ಬಿಳಿ ಪರೀಕ್ಷೆಯನ್ನು ತೆರೆಯುವ ಬೀಗದ ಕೈ ಅದು. ಪಾತ್ರ ಕಟ್ಟುವಾಗ ದೇಹಬಲವನ್ನೂ ಮನೋಬಲವನ್ನೂ 1ರಲ್ಲಿ ಬಿಡಬೇಡ. ಒಂದು ಆರೋಗ್ಯದ, ಇನ್ನೊಂದು ಸ್ಥೈರ್ಯದ ಆಧಾರ. ದೇಹಬಲ 1 ಇದ್ದರೆ ಮೊದಲ ಕೋಣೆಯಲ್ಲೇ ದೀಪ ಹಚ್ಚಿ ಹೃದಯ ನಿಂತು ಸಾಯಬಹುದು, ನಿಜವಾಗಿ. ಎರಡಕ್ಕೂ ಕನಿಷ್ಠ 2 ಇರಲಿ. ಇದರ ದೋಷವನ್ನೂ ಹೇಳಬೇಕು: ರಾಶಿ ಓದಬೇಕು, ಇಂಗ್ಲಿಷು ಸಲೀಸಲ್ಲ, ಮೊದಲ ಎರಡು ಗಂಟೆ ಏನು ನಡೆಯುತ್ತಿದೆ ಅಂತ ಹಿಡಿತ ಸಿಗುವುದಿಲ್ಲ.

ಆಮೇಲೆ ಬಾಲ್ಡರ್ಸ್ ಗೇಟ್ 3. ಬೆಲ್ಜಿಯಮ್ಮಿನ ಲೇರಿಯನ್ 2023ರ ಆಗಸ್ಟಿನಲ್ಲಿ ತಂದದ್ದು. ನಾಲ್ವರ ತಂಡ, 12ನೇ ಲೆವೆಲಿಗೆ ಏರಿಕೆ ಮುಗಿಯುತ್ತದೆ. ಈ ಮಿತಿಯೇ ಅದರ ಆರೋಗ್ಯ, ಅಂಕಿ ಊದಿಕೊಳ್ಳುವುದಿಲ್ಲ. 20 ಮುಖದ ದಾಳ ಆದ್ದರಿಂದ ಪ್ರತಿ +1 ಅಂದರೆ ನೂರಕ್ಕೆ 5. ಗುರಿ 15, ನಿನ್ನ ಕೈಯಲ್ಲಿ +5 ಇದ್ದರೆ 10 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 55. ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಹಿಡಿಯುವ ಅನುಕೂಲ ಸಿಕ್ಕರೆ ಹತ್ತಿರಹತ್ತಿರ 80. ಈ ಲೆಕ್ಕ ಮನಸ್ಸಿನಲ್ಲಿದ್ದರೆ, ಮಾತಿಗೆ ಮೊದಲು ಗೈಡನ್ಸ್ ಮಂತ್ರ ಹಾಕಿ 1ರಿಂದ 4 ಕೂಡಿಸಿಕೊಳ್ಳುವುದು ಎಷ್ಟು ಲಾಭ ಅಂತ ತಾನಾಗಿ ತಿಳಿಯುತ್ತದೆ. ಸೆಟ್ಟಿಂಗಿನಲ್ಲಿ ಕಾರ್ಮಿಕ್ ಡೈಸ್ ಅಂತ ಒಂದಿದೆ, ಮೊದಲಿನಿಂದಲೇ ಆನ್ ಆಗಿರುತ್ತದೆ. ಸತತ ಸೋಲು ಬಾರದಂತೆ ದಾಳವನ್ನು ಬಾಗಿಸುವುದು ಅದರ ಕೆಲಸ, ಶತ್ರುವಿನ ದಾಳವನ್ನೂ ಬಾಗಿಸುತ್ತದೆ. ಅದನ್ನು ಆಫ್ ಮಾಡು.

ಈ ಆಟದಲ್ಲಿ ಹೊಸಬರು ಮಾಡುವ ತಪ್ಪು ಜಿಪುಣತನ. ಮಂತ್ರ ಖರ್ಚಾಗುತ್ತದೆ ಅಂತ ಬಳಸುವುದಿಲ್ಲ, ದೀರ್ಘ ವಿಶ್ರಾಂತಿಗೆ 40 ಆಹಾರ ಬೇಕು ಅಂತ ಮಲಗುವುದಿಲ್ಲ. ಜೊತೆಗಾರರ ಎಷ್ಟೋ ಮಾತುಗಳು ಶಿಬಿರದಲ್ಲಿ ರಾತ್ರಿಯೇ ನಡೆಯುವುದು. ಮಲಗದಿದ್ದರೆ ಕಥೆಯ ಅರ್ಧ ರಸ ಸಿಗದೆ ಹೋಗುತ್ತದೆ. ಆಹಾರ ದಾರಿಯುದ್ದಕ್ಕೂ ಧಾರಾಳವಾಗಿದೆ. ಉರಿಯುವ ಮನೆ, ವಿಷದ ಹೊಗೆಯಲ್ಲಿ ಸಿಕ್ಕಿಬಿದ್ದವರು ಕಣ್ಣೆದುರು ಇದ್ದಾಗ ಮಾತ್ರ ಮಲಗಬೇಡ, ಬೆಳಗಾಗುವಷ್ಟರಲ್ಲಿ ಅವರಿರುವುದಿಲ್ಲ. ಮದ್ದಿನ ಸೀಸೆಗಳದೂ ಇದೇ ಕಥೆ. ಕೊನೆಯ ಶತ್ರುವಿಗಿರಲಿ ಅಂತ ಕೂಡಿಟ್ಟದ್ದು ಆಟ ಮುಗಿದಾಗಲೂ ಚೀಲದಲ್ಲೇ ಇರುತ್ತದೆ. ನಡುವಿನ ಹೋರಾಟದಲ್ಲೇ ಸುರಿ.

ಸೇವ್ ಮಾಡುವುದಕ್ಕೆ ಒಂದು ಶಿಸ್ತು ಇಟ್ಟುಕೋ. ಥಟ್ಟನೆ ಸೇವ್ ಮಾಡುವ ಎಫ್5 ಕೀ ಒಂದನ್ನೇ ನಂಬಬೇಡ. ಸಾಯುವ ಕ್ಷಣದಲ್ಲಿ ಒತ್ತಿದರೆ ಅದೇ ಸಾವಿಗೆ ಮತ್ತೆ ಮತ್ತೆ ಎಚ್ಚರವಾಗುತ್ತೀಯ. ಮೂರು ಸೇವ್‌ಗಳನ್ನು ಸರದಿಯಲ್ಲಿ ತುಂಬು, ಹೊಸ ಪ್ರದೇಶಕ್ಕೆ ಕಾಲಿಡುವ ಮೊದಲು ಒಂದು ಬೇರೆ ಇಡು. ಲೋಡ್ ಮಾಡುವುದು ಸತ್ತಾಗ, ಆಟ ಕೆಟ್ಟು ನಿಂತಾಗ. ಮಾತಿನ ದಾಳ ಸೋತದ್ದಕ್ಕೆ ಲೋಡ್ ಮಾಡಬೇಡ. ಒಳ್ಳೆಯ ಬರಹಗಾರರು ಸೋಲಿಗೂ ದೃಶ್ಯ ಬರೆದಿರುತ್ತಾರೆ, ಡಿಸ್ಕೋದಲ್ಲಂತೂ ಸೋಲಿನವೇ ಹೆಚ್ಚು ರುಚಿ.

ಗೆಳತಿಯರು ಮೊಬೈಲಿನಲ್ಲಿ ಗೆನ್ಶಿನ್ ಆಡುತ್ತಾರೆ ಅಂದೆ. ನೋಡಲು ಸುಂದರ, ಸಂಗೀತ ಇಂಪು. ಆದರೆ ಅಲ್ಲಿ ಹೊಸ ಪಾತ್ರ ಸಿಗುವುದು ಲಾಟರಿಯಂತೆ ಚೀಟಿ ಎಳೆದು. ಲೆಕ್ಕ ಇಷ್ಟು: ಮೇಲಿನ ದರ್ಜೆಯ, ಐದು ನಕ್ಷತ್ರದ ಪಾತ್ರ ಬರುವ ಮೂಲ ಅವಕಾಶ ನೂರಕ್ಕೆ 0.6. 50 ಸಲ ಎಳೆದರೂ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 26ರಷ್ಟೇ. 90ನೇ ಎಳೆತಕ್ಕೆ ಒಂದು ಖಾತ್ರಿ, ಆದರೆ ಅದು ನಿನಗೆ ಬೇಕಾದವಳೇ ಅಂತಿಲ್ಲ. ತಪ್ಪಿದರೆ ಮುಂದಿನದು ಖಾತ್ರಿ. ಅಂದರೆ ಕೆಟ್ಟ ಅದೃಷ್ಟಕ್ಕೆ 180 ಎಳೆತ, ಒಂದಕ್ಕೆ ಆಟದ ನಾಣ್ಯವಾದ 160 ರತ್ನದಂತೆ 28,800 ರತ್ನ. ಆಡುವುದಾದರೆ ಆಡು, ಯುಪಿಐ ಜೋಡಿಸಬೇಡ.

ಖರೀದಿಯ ಬಗ್ಗೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಆರ್‌ಪಿಜಿಗಳಲ್ಲಿ ಮುಖ, ಕೂದಲು, ಹೆಸರು ಅಂತ ಪಾತ್ರ ಕಟ್ಟುವುದರಲ್ಲೇ ಒಂದು ಗಂಟೆ ಕಳೆಯುತ್ತದೆ. ಮೊದಲ ಸಲ ತೋಚಿದ್ದನ್ನು ಒತ್ತಿ ಒಳಗೆ ಹೋಗು, ಲ್ಯಾಪ್‌ಟಾಪ್ ಬಿಸಿಯಾಗುತ್ತದೋ, ಅಕ್ಷರ ಓದಲಾಗುತ್ತದೋ ನೋಡು. ಉಳಿಸಿಕೊಳ್ಳುವುದಾದರೆ ಆಮೇಲೆ ಹೊಸದಾಗಿ ಕಟ್ಟು. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ನಿನ್ನ ಈಗಿನ ಲ್ಯಾಪ್‌ಟಾಪಿಗೆ ಅದು ಭಾರ. ಡಿಸ್ಕೋ, ಮಾರೋವಿಂಡ್, ಹಳೆಯ ಫಾಲ್‌ಔಟ್ ಓಡುತ್ತವೆ. ಪರೀಕ್ಷೆ 20ಕ್ಕೆ ಮುಗಿಯುತ್ತದೆ ಅಂದಿದ್ದೀಯ, ಅಲ್ಲಿಯವರೆಗೆ ಇನ್‌ಸ್ಟಾಲ್ ಮಾಡಿಟ್ಟರೆ ಸಾಕು, ತೆರೆಯಬೇಡ.

ಡಿಸ್ಕೋ ತೆರೆದ ದಿನ ನಾಲ್ಕು ಗುಣಗಳಿಗೆ ಹಂಚಲು ಒಟ್ಟು 12 ಅಂಕ ಇರುತ್ತದೆ, ಒಂದಕ್ಕೆ ಹೆಚ್ಚೆಂದರೆ 6. ಯಾವುದಕ್ಕೆ ಎಷ್ಟು ಹಾಕಿದೆ, ಯಾವುದನ್ನು ಬಿಟ್ಟೆ ಅಂತ ಬರೆದು ಕಳಿಸು. ಬಿಟ್ಟದ್ದಕ್ಕೆ ಕಾರಣವನ್ನೂ ಬರೆ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ
ಮಾವ