ಟ್ಯಾಂಕ್ ಅರ್ಧಕ್ಕೆ ಇಳಿದರೆ ನಿಲ್ಲುವ ಚೈನ್‌ಸಾ, ‘ಪೆಟ್ರೋಲ್ ಸರಿಯಿಲ್ಲ’ ಅನ್ನುವ ಸರ್ವಿಸ್ ಸೆಂಟರ್

ಗೆ,
ಗ್ರಾಹಕ ಸೇವೆ ಮತ್ತು ವಾರಂಟಿ ವಿಭಾಗದವರಿಗೆ

ವಿಷಯ: ವಾರಂಟಿ ಇದ್ದರೂ ಕಾರ್ಬೊರೇಟರ್‌ಗೆ ದುಡ್ಡು ತೆಗೆದುಕೊಂಡದ್ದು, ಆಮೇಲೂ ಮಿಷನ್ ಆಫ್ ಆಗುತ್ತಿದ್ದದ್ದು

ನಮಸ್ಕಾರ,

ನಿಮ್ಮ ಶಿವಮೊಗ್ಗದ ಸರ್ವಿಸ್ ಸೆಂಟರ್‌ನವರು ಹೊಸ ಕಾರ್ಬೊರೇಟರ್ ಅಂತ 2,850 ರೂಪಾಯಿ, ಕೂಲಿ ಅಂತ 600 ರೂಪಾಯಿ ನನ್ನಿಂದ ತೆಗೆದುಕೊಂಡಿದ್ದಾರೆ. ನನ್ನ ಚೈನ್‌ಸಾ ಮಿಷನ್ ಇನ್ನೂ ವಾರಂಟಿಯಲ್ಲಿತ್ತು. ಹಾಳಾಗಿದ್ದು ಕಾರ್ಬೊರೇಟರ್ ಅಲ್ಲವೇ ಅಲ್ಲ. ಆ ದುಡ್ಡು ವಾಪಸ್ ಕೊಡಿ ಅಂತ ಕೇಳೋಕೆ ಈ ಪತ್ರ. ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲ ಹೊಸಬರು ಎತ್ತುತ್ತಾರೆ, ಮೊದಲಿಂದ ಕಥೆ ಶುರು ಮಾಡಬೇಕು. ಅದಕ್ಕೆ ಬರೆದೇ ಕಳಿಸುತ್ತಿದ್ದೇನೆ. ಬಿಲ್ಲು, ರಿಪೇರಿಗೆ ಕೊಟ್ಟಾಗ ನಿಮ್ಮವರು ಬರೆದ ಜಾಬ್ ಕಾರ್ಡ್, ಎರಡರ ಫೋಟೊ ಜೊತೆಗಿದೆ.

ನಾನು ಕೊಪ್ಪ ತಾಲ್ಲೂಕಿನವನು. ಕಾಫಿ, ಅಡಿಕೆ ತೋಟ. ಚೈನ್‌ಸಾ ನಮಗೆ ಶೋಕಿಗೆ ಅಲ್ಲ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯೋಕೆ ಬೇಕು, ಮಳೆಗಾಲದಲ್ಲಿ ಗಾಳಿಗೆ ಸಿಲ್ವರ್ ಓಕ್ ಉರುಳಿ ರಸ್ತೆಗೆ ಅಡ್ಡ ಬಿದ್ದಾಗ ಬೇಕು, ಕರೆಂಟ್ ಲೈನ್ ಮೇಲೆ ಕೊಂಬೆ ಕೂತಾಗ ಲೈನ್‌ಮನ್ ಕೂಡ ನಮ್ಮ ಮಿಷನ್ನೇ ಕೇಳುತ್ತಾರೆ. ಅಂಥ ಹೊತ್ತಲ್ಲಿ ಅರ್ಧ ಕೊಯ್ದ ಮರದಲ್ಲಿ ಚೈನ್ ಸುತ್ತುವ ಬಾರ್ ಸಿಕ್ಕಿಕೊಂಡು ಮಿಷನ್ ಆಫ್ ಆದರೆ ಏನಾಗುತ್ತೆ ಅಂತ ಆಫೀಸಲ್ಲಿ ಕೂತವರಿಗೆ ಗೊತ್ತಾಗಲಿಕ್ಕಿಲ್ಲ. ಅದು ಬರೀ ಕಿರಿಕಿರಿ ಅಲ್ಲ, ಅಪಾಯ.

ತೊಂದರೆ ಹೀಗಿತ್ತು. ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಹಗ್ಗ ಎಳೆದರೆ ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಚೆನ್ನಾಗಿ ಕೊಯ್ಯುತ್ತೆ. ಸ್ವಲ್ಪ ಹೊತ್ತಾದ ಮೇಲೆ ಆಕ್ಸಿಲೇಟರ್ ಮುಟ್ಟದೆಯೂ ಇಂಜಿನ್ ಶಬ್ದ ಏರುತ್ತೆ, ಕಿರುಚಿದ ಹಾಗೆ ಆಗುತ್ತೆ, ಆಮೇಲೆ ಒಮ್ಮೆಲೇ ಆಫ್. ಚೋಕ್ ಹಾಕಿ ಎಳೆದರೆ ಮತ್ತೆ ಹಿಡಿಯುತ್ತೆ. ಚೋಕ್ ತೆಗೆದು ಆಕ್ಸಿಲೇಟರ್ ಒತ್ತಿದ ಕೂಡಲೇ ಮತ್ತೆ ಸಾಯುತ್ತೆ. ಇದನ್ನು ಹೀಗೇ, ಇಷ್ಟೇ ವಿವರವಾಗಿ ನಿಮ್ಮ ಕೌಂಟರಿನಲ್ಲಿ ಹೇಳಿದ್ದೆ. ಅವರು ಜಾಬ್ ಕಾರ್ಡಲ್ಲಿ ಬರೆದುಕೊಂಡದ್ದು ‘ಆಫ್ ಆಗುತ್ತದೆ’ ಅಂತ ಮಾತ್ರ.

ಮೊದಲ ಸಲ ಪ್ಲಗ್ ಬದಲಾಯಿಸಿದರು. ಏರ್ ಫಿಲ್ಟರ್ ಊದಿ ಕೊಟ್ಟರು. ಮಿಷನ್ ಅಲ್ಲೇ ಟೇಬಲ್ ಮೇಲೆ ಇಟ್ಟು, ಟ್ಯಾಂಕ್ ತುಂಬಿಸಿ, ಭರ್ ಅಂತ ಓಡಿಸಿ ತೋರಿಸಿದರು. ‘ನೋಡಿ ಸಾರ್, ಪಕ್ಕಾ ಇದೆ.’ ಮನೆಗೆ ತಂದರೆ ಅದೇ ಕಥೆ. ಮತ್ತೆ ಒಯ್ದಾಗ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಬಿಟ್ಟರು. ಅದರಿಂದ ಹೊಗೆ ಬರೋಕೆ ಶುರುವಾಯಿತು, ಪ್ಲಗ್ ಕಪ್ಪು ಮಸಿ ಹಿಡಿಯಿತು, ಆಫ್ ಆಗೋದು ಮಾತ್ರ ನಿಲ್ಲಲಿಲ್ಲ. ಕೊನೆಗೆ ‘ನಿಮ್ಮ ಪೆಟ್ರೋಲ್ ಸರಿಯಿಲ್ಲ, ನೀರು ಸೇರಿದೆ, ಕಾರ್ಬೊರೇಟರ್ ಹೋಗಿದೆ, ಪೆಟ್ರೋಲಿನಿಂದ ಆದ ತೊಂದರೆಗೆ ವಾರಂಟಿ ಬರಲ್ಲ’ ಅಂದು ಹೊಸದು ಹಾಕಿ ಬಿಲ್ ಮಾಡಿದರು. ಹಳೆಯದು ಕೊಡಿ ಅಂದರೆ ಬಿಸಾಕಿದ್ದೇವೆ ಅಂದರು. ನನ್ನ ದುಡ್ಡಲ್ಲಿ ಹೊಸದು ಹಾಕಿದ ಮೇಲೆ ಹಳೆಯದು ನನ್ನದು ತಾನೇ? ನನ್ನನ್ನು ಕೇಳದೆ ಬಿಸಾಕೋಕೆ ಅವರು ಯಾರು?

ಹೊಸ ಕಾರ್ಬೊರೇಟರ್ ಹಾಕಿಸಿಕೊಂಡು ಬಂದ ಮೇಲೂ ಮಿಷನ್ ನಿಂತಿತು.

ನಮ್ಮೂರಲ್ಲಿ ಪಂಪ್‌ಸೆಟ್, ಕಳೆ ಹೊಡೆಯುವ ಮಿಷನ್ ರಿಪೇರಿ ಮಾಡುವ ಹುಡುಗ ಒಬ್ಬನಿದ್ದಾನೆ. ಅವನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದ. ‘ಅಣ್ಣಾ, ಆಫ್ ಆಗುವಾಗ ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿರುತ್ತೆ?’ ಅರ್ಧ, ಹೆಚ್ಚು ಕಡಿಮೆ ಯಾವಾಗಲೂ ಅರ್ಧ. ಆಫ್ ಆದ ಮೇಲೆ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡಿದ. ಗಾಳಿ ಹೋಗುವ ದಾರಿ ಕಟ್ಟಿದ್ದರೆ ಉಸ್ ಅಂತ ಗಾಳಿ ಒಳಗೆ ಎಳೆದುಕೊಳ್ಳಬೇಕು, ಆಮೇಲೆ ಮಿಷನ್ ಓಡಬೇಕು. ಎರಡೂ ಆಗಲಿಲ್ಲ. ಆಗ ಒಂದು ತಂತಿ ಬಗ್ಗಿಸಿ, ಟ್ಯಾಂಕಿನ ಬಾಯೊಳಗೆ ಬಿಟ್ಟು, ಪೆಟ್ರೋಲ್ ಫಿಲ್ಟರನ್ನು ಪೈಪ್ ಸಮೇತ ಹೊರಗೆ ಎಳೆದ. ಫಿಲ್ಟರ್ ಬಿಳೀ ಇತ್ತು, ಕಸ ಇಲ್ಲ. ಪೈಪ್ ಮಾತ್ರ ಉಬ್ಬಿ, ಮೆತ್ತಗೆ, ಬೆರಳಿಗೆ ಅಂಟುವ ಹಾಗಿತ್ತು. ಟ್ಯಾಂಕಿನ ಗೋಡೆಯೊಳಗೆ ಹೊಗುವ ಕಡೆ, ಮೇಲುಗಡೆ, ಹಿಡಿದು ಎಳೆದರೆ ಸಣ್ಣಗೆ ಬಾಯಿ ಬಿಡುವ ಸೀಳು. ಸುಮ್ನೆ ನೋಡಿದರೆ ಕಾಣಲ್ಲ, ಎಳೆದರೆ ಮಾತ್ರ ಕಾಣುತ್ತೆ.

ಟ್ಯಾಂಕ್ ತುಂಬಿರುವಾಗ ಆ ಸೀಳು ಪೆಟ್ರೋಲಿನೊಳಗೆ ಮುಳುಗಿರುತ್ತೆ, ಹಾಗಾಗಿ ಅಲ್ಲಿಂದಲೂ ಪೆಟ್ರೋಲೇ ಹೋಗುತ್ತೆ. ಮಟ್ಟ ಇಳಿದು ಸೀಳು ಮೇಲೆ ಬಂದ ಕೂಡಲೇ ಅಲ್ಲಿಂದ ಗಾಳಿ ಎಳೆಯುತ್ತೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಇಂಜಿನ್ ಕಿರುಚುತ್ತೆ, ನಿಲ್ಲುತ್ತೆ. ನಿಮ್ಮವರು ಪ್ರತಿ ಸಲ ಟ್ಯಾಂಕ್ ತುಂಬಿಸಿಯೇ ಓಡಿಸಿ ನೋಡಿದ್ದು, ಅದಕ್ಕೇ ಅವರ ಟೇಬಲ್ ಮೇಲೆ ಅದು ಯಾವತ್ತೂ ನಿಲ್ಲಲಿಲ್ಲ! ಪೆಟ್ರೋಲ್ ಪೈಪಿಗೆ ಕೈಪಂಪ್ ಹಾಕಿ ಗಾಳಿ ಒತ್ತಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಪಂಪ್ ನಿಮ್ಮ ಸೆಂಟರಿನ ಗೋಡೆಗೆ ನೇತು ಹಾಕಿದ್ದನ್ನು ನಾನೇ ನೋಡಿದ್ದೇನೆ. ಹುಡುಗ 180 ರೂಪಾಯಿ ಪೈಪ್ ಹಾಕಿದ, ಸ್ಕ್ರೂ ಮತ್ತೆ ಸರಿ ಮಾಡಿದ. ಈಗ ಟ್ಯಾಂಕ್ ತಳ ಮುಟ್ಟುವವರೆಗೆ ಓಡುತ್ತೆ.

ಇನ್ನು ಪೆಟ್ರೋಲ್ ವಿಷಯ. ಅದೇ ಕ್ಯಾನಿನ ಪೆಟ್ರೋಲಲ್ಲಿ ನನ್ನ ಕಳೆ ಮಿಷನ್ ಓಡುತ್ತಿತ್ತು. ಲೀಟರಿಗೆ 20 ಎಂಎಲ್ ಟೂ-ಟಿ ಆಯಿಲ್, ನಿಮ್ಮ ಪುಸ್ತಕದಲ್ಲಿ ಬರೆದ 50ಕ್ಕೆ 1ರ ಲೆಕ್ಕ. ಗಾಜಿನ ಬಾಟಲಿಗೆ ಹಾಕಿ ರಾತ್ರಿಯಿಡೀ ಇಟ್ಟು ನೋಡಿದೆ. ನೀರು ಸೇರಿದ್ದರೆ, ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ಜೊತೆ ತಳದಲ್ಲಿ ಬೇರೆ ಪದರ ಕೂರಬೇಕು. ಕೂರಲಿಲ್ಲ. ಇದನ್ನು ಹೇಳಿದರೆ ನಿಮ್ಮ ಮ್ಯಾನೇಜರ್ ಮಾತು ಬದಲಾಯಿಸಿದರು. ‘ಪುಸ್ತಕದಲ್ಲಿ ಎಥನಾಲ್ 10 ಪರ್ಸೆಂಟ್ ದಾಟಬಾರದು ಅಂತ ಇದೆ, ನೀವು 20 ಪರ್ಸೆಂಟ್ ಎಥನಾಲ್ ಇರುವ ಇ-20 ಪೆಟ್ರೋಲ್ ಹಾಕಿದ್ದೀರಿ.’

ಅಲ್ಲ ಸ್ವಾಮಿ, ನಾನು ಬೇರೆ ಯಾವುದು ಹಾಕಲಿ? ಇ-20 ಪೆಟ್ರೋಲ್ ಬಿಡುಗಡೆ ಆಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಅಂತಿದ್ದ ಗುರಿಯನ್ನು ಸರ್ಕಾರ 2025ಕ್ಕೆ ತಂದಿದ್ದು ಪೇಪರಿನಲ್ಲಿ ಬಂದ ಸುದ್ದಿ. ನಮ್ಮ ಕಡೆ ಬಂಕಿನಲ್ಲಿ ಸಿಗೋದು ಅದೇ. ನಾನು ಮಿಷನ್ ತಗೊಂಡಿದ್ದು ಇದೆಲ್ಲ ಆದ ಮೇಲೆ. ಮಾರುವಾಗ ನಿಮ್ಮ ಡೀಲರ್ ‘ಸಾದಾ ಪೆಟ್ರೋಲ್ ಸಾಕು’ ಅಂದರು. ಹತ್ತು ಪರ್ಸೆಂಟಿನ ಮಾತು ಬಂದಿದ್ದು ವಾರಂಟಿ ಕೇಳಿದಾಗ. ಆ ಪೈಪ್ ಎಥನಾಲಿಗೆ ಮೆತ್ತಗಾಯಿತೋ, ಮೊದಲೇ ಕಳಪೆ ಮಾಲೋ, ನನಗೆ ಬೇಕಿಲ್ಲ. ಎರಡರಲ್ಲಿ ಯಾವುದೇ ಆದರೂ ಲೆಕ್ಕ ನಿಮ್ಮದು. ಇಲ್ಲಿ ಸಿಗುವ ಪೆಟ್ರೋಲಿಗೆ ತಡೆಯುವ ರಬ್ಬರ್ ಹಾಕಿ ಮಾರಬೇಕು. ಇಲ್ಲ ಅಂದರೆ ಮಾರುವಾಗಲೇ ಹೇಳಬೇಕು, ಆಗ ಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಎಥನಾಲ್ ಪೆಟ್ರೋಲ್ ತೇವ ಎಳೆಯುತ್ತೆ ಅಂತ ಗೊತ್ತಿದ್ದೇ ನಾನು ಬೇಕಾದಷ್ಟೇ ತಂದು ಬೆರೆಸುತ್ತೇನೆ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡುತ್ತೇನೆ. ಇದಕ್ಕಿಂತ ಜಾಸ್ತಿ ಇನ್ನೇನು ಮಾಡಬೇಕು ಅಂತ ಬರೆದು ತಿಳಿಸಿ.

ನನಗೆ ಬೇಕಾಗಿದ್ದು ಇಷ್ಟು. ಕಾರ್ಬೊರೇಟರ್ ಮತ್ತು ಕೂಲಿಯ 3,450 ರೂಪಾಯಿ ವಾಪಸ್. ಪೈಪಿನ 180 ಕೂಡ. ಜಾಬ್ ಕಾರ್ಡಲ್ಲಿ ‘ಪೆಟ್ರೋಲ್ ಕಲಬೆರಕೆ’ ಅಂತ ಬರೆದದ್ದನ್ನು ಹೊಡೆದು ಹಾಕಿ ಹೊಸ ಕಾರ್ಡ್ ಕೊಡಿ, ಇಲ್ಲದಿದ್ದರೆ ನಾಳೆ ಬೇರೆ ಏನು ಕೆಟ್ಟರೂ ಅದನ್ನೇ ತೋರಿಸುತ್ತೀರಿ. ಇ-20 ಹಾಕಬಹುದೋ ಬಾರದೋ ಅಂತ ಕಂಪನಿಯ ಲೆಟರ್‌ಹೆಡ್‌ನಲ್ಲಿ ಉತ್ತರ ಬೇಕು, ಬಾಯಿಮಾತು ಬೇಡ. ಹೊರಗಿನವನ ಹತ್ತಿರ ರಿಪೇರಿ ಮಾಡಿಸಿದಿರಿ, ವಾರಂಟಿ ಹೋಯಿತು ಅಂತ ಮಾತ್ರ ಹೇಳಬೇಡಿ. ನಿಮ್ಮವರು ಮಾಡಿದ್ದರೆ ನಾನ್ಯಾಕೆ ಹೊರಗೆ ಹೋಗುತ್ತಿದ್ದೆ?

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಅಲ್ಲೂ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಸೀಳಿದ ಪೈಪ್ ನನ್ನ ಹತ್ತಿರವೇ ಇದೆ. ನೋಡಬೇಕಾದರೆ ಬಂದು ನೋಡಿ, ಕೈಗೆ ಮಾತ್ರ ಕೊಡಲ್ಲ.

ಫೋನ್ ಮಾಡುವುದಾದರೆ ಸಂಜೆ 6ರ ಮೇಲೆ ಮಾಡಿ, ತೋಟದಲ್ಲಿ ಸಿಗ್ನಲ್ ಸಿಗಲ್ಲ.

ಇಂತಿ,
ಕೊಪ್ಪ ತಾಲ್ಲೂಕಿನ ನಿಮ್ಮ ಗಿರಾಕಿ