ಫೋರ್ಕ್‌ಬಾಲ್‌ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ಬೇಸ್‌ಬಾಲ್‌ ಮೇಲೆ ಜಪಾನಿನ ಪ್ರಭಾವದ ಮಾತು ಬಂದಾಗಲೆಲ್ಲ ನಿಮ್ಮ ಕ್ರೀಡಾಪುಟ ಜಪಾನಿ ತಾರೆ ಶೊಹೆಯ್ ಒಟಾನಿಯ ಹೋಂ ರನ್‌ಗಳಲ್ಲೇ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಮುಗಿದುಹೋಗುತ್ತದೆ. 2024ರಲ್ಲಿ 54 ಹೋಂ ರನ್‌ ಬಾರಿಸಿ 59 ಬೇಸ್‌ ಕದ್ದವರಿಗೆ (ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು) ಅಷ್ಟು ಜಾಗ ಸಲ್ಲಲೇಬೇಕು, ತಕರಾರಿಲ್ಲ. ಆದರೆ ಅಲ್ಲಿನ ತಂಡಗಳು ಜಪಾನಿನಿಂದ ನಿಜಕ್ಕೂ ಕಲಿಯುತ್ತಿರುವುದು ಪಿಚಿಂಗ್‌, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಕಲೆ.

ಫೋರ್ಕ್‌ಬಾಲ್‌ ಎಂಬ ಎಸೆತವನ್ನೇ ನೋಡಿ. ತೋರುಬೆರಳು, ನಡುಬೆರಳು ಅಗಲಿಸಿ ಚೆಂಡನ್ನು ನಡುವೆ ಸಿಕ್ಕಿಸಿಕೊಂಡು, ಫಾಸ್ಟ್‌ಬಾಲ್‌ಗೆ (ಪೂರ್ಣ ವೇಗದ ಎಸೆತ) ಬೀಸುವಷ್ಟೇ ರಭಸದಿಂದ ತೋಳು ಬೀಸಬೇಕು. ಚೆಂಡು ಹಿಂದಕ್ಕೆ ಸುತ್ತುವುದು ಕಡಿಮೆಯಾಗಿ, ಬ್ಯಾಟರ್‌ ಹತ್ತಿರ ಬರುತ್ತಲೇ ಕುಸಿಯುತ್ತದೆ. ಗುರಿ ಮೊಣಕಾಲಿಗಿಂತ ಕೆಳಗೆ. ಸುತ್ತು ಹೆಚ್ಚಾಗಿ ಸೊಂಟದೆತ್ತರದಲ್ಲೇ ಉಳಿದರೆ ಅದು ಬರೀ ನಿಧಾನದ ಫಾಸ್ಟ್‌ಬಾಲ್‌, ಬ್ಯಾಟರ್‌ಗೆ ಹಬ್ಬ. ಇದರ ಸೋದರ ಸ್ಪ್ಲಿಟರ್‌ 1980ರ ದಶಕದಲ್ಲಿ ಅಮೆರಿಕದಲ್ಲೂ ಜನಪ್ರಿಯವಾಗಿತ್ತು. ಮೊಣಕೈ ಹಾಳಾಗುವ ಭಯಕ್ಕೆ ಅನೇಕ ತಂಡಗಳು ಅದನ್ನು ದೂರವಿಟ್ಟವು. ಜಪಾನ್‌ ಬಿಡಲಿಲ್ಲ. 1995ರಲ್ಲಿ ಹಿಡೆಯೊ ನೊಮೊ 236, 2023ರಲ್ಲಿ ಕೊಡಾಯ್ ಸೆಂಗಾ 202 ಸ್ಟ್ರೈಕ್‌ಔಟ್‌ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರನ್ನು ಔಟ್‌ ಮಾಡುವುದು) ಪಡೆದರು. ಅಮೆರಿಕದಲ್ಲಿ ಇಬ್ಬರಿಗೂ ಅದು ಮೊದಲ ವರ್ಷ, ಇಬ್ಬರ ಕೈಯಲ್ಲೂ ಫೋರ್ಕ್‌ಬಾಲೇ ಅಸ್ತ್ರ. ಈಗ ಅಮೆರಿಕದ ಪಿಚರ್‌ಗಳೂ ಸ್ಪ್ಲಿಟರ್‌ಗೆ ಮರಳಿದ್ದಾರೆ.

ಇನ್ನು ಚೆಂಡಿನ ಸಂಗತಿ. ಜಪಾನ್‌ ಲೀಗಿನ ಚೆಂಡು ಬೆರಳಿಗೆ ಅಂಟಿಕೊಳ್ಳುತ್ತದೆ. ಅಮೆರಿಕದ ಚೆಂಡು ನುಣುಪು, ಪಂದ್ಯಕ್ಕೆ ಮುಂಚೆ ಡೆಲವೇರ್‌ ನದಿ ಸೀಮೆಯ ಕೆಸರು ಉಜ್ಜಿದರೂ ಜಾರುತ್ತದೆಂಬ ದೂರು ತಪ್ಪಿಲ್ಲ. ಜಾರುವ ಚೆಂಡನ್ನು ಬಿಗಿಯಾಗಿ ಹಿಡಿಯಬೇಕು, ಹಾಗೆ ಹಿಡಿದಷ್ಟೂ ಮುಂಗೈ ಬೇಗ ದಣಿಯುತ್ತದೆ.

ಆದ್ದರಿಂದ ವಿಶ್ರಾಂತಿಯೂ ಮುಖ್ಯ. ಜಪಾನಿನಲ್ಲಿ ಪಂದ್ಯ ಆರಂಭಿಸುವ ಪಿಚರ್‌ಗೆ ವಾರಕ್ಕೊಂದೇ ಸರದಿ, ತಂಡಕ್ಕೆ ಅಂಥವರು ಆರು ಮಂದಿ. ಅಮೆರಿಕದ ರೂಢಿ ಐವರದು. ಅಲ್ಲಿ 26 ಜನರ ತಂಡದಲ್ಲಿ ಪಿಚರ್‌ಗಳು 13ಕ್ಕೆ ಮೀರುವಂತಿಲ್ಲ, ಆರನೆಯವರನ್ನು ಸೇರಿಸಿದರೆ ಕೊನೆಯ ಇನಿಂಗ್ಸ್‌ಗಳಿಗೆ ಒಬ್ಬರು ಕಡಿಮೆಯಾಗುತ್ತಾರೆ. ಒಟಾನಿಯಂತೆ ಬ್ಯಾಟಿಂಗ್‌, ಪಿಚಿಂಗ್‌ ಎರಡಕ್ಕೂ ನೋಂದಾಯಿತರಾದವರು ಆ 13ರ ಲೆಕ್ಕಕ್ಕೆ ಬರುವುದಿಲ್ಲ. ಒಟಾನಿಯ ತಂಡ ಡಾಡ್ಜರ್ಸ್‌ಗೆ ಆರು ಜನರನ್ನು ಸರದಿಯಲ್ಲಿ ಓಡಿಸಲು ಇದು ದೊಡ್ಡ ಅನುಕೂಲ.

ಜಪಾನಿನ ಪದ್ಧತಿಯೆಲ್ಲ ಒಳ್ಳೆಯದೆಂದು ಹೊಗಳಬೇಕಿಲ್ಲ. ಕೊಶಿಯೆನ್‌ ಶಾಲಾ ಟೂರ್ನಿಯಲ್ಲಿ ಎಳೆಯ ತೋಳುಗಳನ್ನು ಹಿಂಡಿದ್ದು ಕಡಿಮೆಯೇನಲ್ಲ, ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತಗಳ ಮಿತಿ ಬಂದದ್ದೇ 2020ರಲ್ಲಿ. ಅದೂ ನನ್ನ ದೃಷ್ಟಿಯಲ್ಲಿ ಜಾಸ್ತಿಯೇ.

ಜಪಾನಿ ಪಿಚರ್‌ಗಳ ಸುದ್ದಿ ಹಾಕುವಾಗ ಸ್ಟ್ರೈಕ್‌ಔಟ್‌ ಜತೆಗೆ ಎಷ್ಟು ದಿನದ ವಿಶ್ರಾಂತಿಯ ನಂತರ ಎಸೆದರು, ಒಟ್ಟು ಎಷ್ಟು ಎಸೆತ, ಅದರಲ್ಲಿ ಸ್ಪ್ಲಿಟರ್‌ ಎಷ್ಟು ಎಂಬುದನ್ನೂ ಒಂದು ಸಾಲಿನಲ್ಲಿ ಕೊಡಿ.